ಹಳೆಯ ಕಲ್ಲಿನ ರೈಲು ಸೇತುವೆಗಳು: ದಾವಣಗೆರೆ–ಚಿತ್ರದುರ್ಗ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಡಿಪ್ಲೊಮಾ ಹುಡುಗರಿಗೆ ಸಿವಿಲ್ ಪಾಠ ಹೇಳುವವನು. ಮಳೆಗಾಲ ಕಳೆದ ಮೇಲೆ ಒಂದೆರಡು ಭಾನುವಾರ ಅವರನ್ನು ಕರೆದುಕೊಂಡು ತೋಳಹುಣಸೆ, ಕೊಡಗನೂರು, ಮಾಯಕೊಂಡದ ಕಡೆ ರೈಲುದಾರಿ ಪಕ್ಕದ ಬಂಡಿಜಾಡಿನಲ್ಲಿ ನಡೆಯುವುದು ರೂಢಿ. ಕಲ್ಲಿನ ಮೋರಿ ಕಂಡಲ್ಲಿ ಕೆಳಗೆ ನಿಂತು ನೋಡುತ್ತೇವೆ. ದಾರಿಯಲ್ಲಿ ಸಿಗುವ ರೈತರು, ಹುಡುಗರ ಮನೆಯವರು, ನಮ್ಮ ಬೀದಿಯ ಹಿರಿಯರು ಕೇಳಿದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಎಲ್ಲವನ್ನೂ ಒಂದು ಕಡೆ ಬರೆದಿಟ್ಟರೆ ಬಾಯಿಗಾದರೂ ವಿಶ್ರಾಂತಿ ಅಂತ ಕೂತೆ.

ನಮ್ಮ ಕಡೆ ಅಂಥ ಸೇತುವೆ ಎಲ್ಲಿದೆ? ನಾವು ನೋಡೇ ಇಲ್ಲವಲ್ಲ?

ನೋಡಿರುತ್ತೀರಿ, ಸೇತುವೆ ಅಂತ ಅಂದುಕೊಂಡಿರುವುದಿಲ್ಲ ಅಷ್ಟೆ. ಪುಸ್ತಕದ ಚಿತ್ರಗಳಲ್ಲಿ ಬರುವ ಹಾಗೆ ಕಣಿವೆಯ ಮೇಲೆ ಸಾಲುಸಾಲು ಕಮಾನು ನಿಂತಿರುವ ಸೇತುವೆಗೆ ನಮ್ಮದು ಬಯಲುಸೀಮೆ, ಅಂಥ ಕಣಿವೆಯೇ ಇಲ್ಲ. ನಮ್ಮಲ್ಲಿರುವುದು ಹಳ್ಳ, ಕೆರೆಯ ಕೋಡಿ ನೀರಿನ ಹರಿವು, ಬಂಡಿದಾರಿ. ಅವುಗಳ ಮೇಲೆ ಕಟ್ಟಿದ್ದು ಆರಡಿ, ಹತ್ತಡಿ, ಹೆಚ್ಚೆಂದರೆ ಇಪ್ಪತ್ತು–ಮೂವತ್ತು ಅಡಿ ಅಗಲದ ಒಂದು, ಎರಡು ಅಥವಾ ಮೂರು ಕಮಾನು. ಊರವರ ಬಾಯಲ್ಲಿ ಅದು ‘ರೈಲು ಮೋರಿ’. ದನ ಹೊಡೆದುಕೊಂಡು ಹೋಗುವವರಿಗೆ ಮಳೆ ಬಂದಾಗ ಅದೇ ಸೂರು. ಬೇಸಿಗೆಯ ಮಧ್ಯಾಹ್ನ ಅದರೊಳಗೆ ಕೂತು ಬುತ್ತಿ ಬಿಚ್ಚಿದವರಿಗೆ ತಂಪು ಎಂದರೇನು ಅಂತ ಬೇರೆ ಹೇಳಬೇಕಿಲ್ಲ.

ದೊಡ್ಡ ಹೊಳೆ ಇರುವಲ್ಲಿ ರೈಲಿನವರು ಸಾಮಾನ್ಯವಾಗಿ ಕಲ್ಲಿನ ಕಂಬ ಎಬ್ಬಿಸಿ ಮೇಲೆ ಕಬ್ಬಿಣದ ಗರ್ಡರ್ ಕೂರಿಸುತ್ತಿದ್ದರು. ಪೂರ್ತಿ ಕಲ್ಲಿನ ಕೆಲಸ ನೋಡಬೇಕೆಂದರೆ ಹೊಳೆ ಬಿಟ್ಟು ಹಳ್ಳಕ್ಕೆ ಹೋಗಬೇಕು.

ಈ ರೈಲುದಾರಿ ಯಾವಾಗ ಬಂತು? ಯಾರು ಹಾಕಿದರು?

1876–78ರ ದೊಡ್ಡ ಬರ ಮೈಸೂರು ಸೀಮೆಯನ್ನು ಅರ್ಧಕ್ಕರ್ಧ ನೆಲಕ್ಕೆ ಕೆಡವಿತ್ತು. ರೈಲು ಇದ್ದಿದ್ದರೆ ಬೇರೆ ಕಡೆಯಿಂದ ಕಾಳು ತರಿಸಬಹುದಿತ್ತು ಎಂಬ ಪಾಠ ಕಲಿತದ್ದು ಆಗಲೇ. ಬೆಂಗಳೂರು–ಮೈಸೂರು ದಾರಿಯ ಮಣ್ಣುಕೆಲಸ ಬರಗಾಲದ ಕೂಲಿಯಾಗಿ ಶುರುವಾಯಿತು. ಆಮೇಲೆ ಬೆಂಗಳೂರಿನಿಂದ ತುಮಕೂರು, ಗುಬ್ಬಿವರೆಗೆ 1884ರಲ್ಲಿ ಹಳಿ ಬಂತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1886ರಲ್ಲಿ, ಈ ದಾರಿಗಳನ್ನು ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿಯ ಕೈಗೆ ಒಪ್ಪಿಸಿದರು. ಆ ಕಂಪನಿ ಹುಟ್ಟಿದ್ದು 1882ರಲ್ಲಿ. ಗುಬ್ಬಿಯಿಂದ ಹರಿಹರದವರೆಗಿನ ತುಂಡು 1889ರಲ್ಲಿ ಮುಗಿಯಿತು. ಚಿಕ್ಕಜಾಜೂರು, ಸಾಸಲು, ಮಾಯಕೊಂಡ, ದಾವಣಗೆರೆ ಎಲ್ಲ ಬರುವುದು ಇದೇ ತುಂಡಿನಲ್ಲಿ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಹಾಕಿದ್ದು ಬಹಳ ತಡವಾಗಿ, 1921ರಲ್ಲಿ.

ಎಲ್ಲವೂ ಮೀಟರ್ ಗೇಜು. ಎರಡು ಹಳಿಗಳ ನಡುವೆ ಒಂದು ಮೀಟರ್. ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗಾರೆ ಇಲ್ಲದೇ ಕಮಾನು ನಿಲ್ಲುತ್ತದೆ ಅಂತಾರೆ. ನಿಜವೇ?

ಬಹುಮಟ್ಟಿಗೆ ನಿಜ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಉಳಿದ ಅರ್ಧ ಪ್ರಶ್ನೆಗಳ ಉತ್ತರ ಇದರ ಹೊಟ್ಟೆಯಲ್ಲೇ ಇದೆ.

ಕಲ್ಲಿನ ಸ್ವಭಾವ ಒಂದೇ: ಒತ್ತಿದರೆ ಸಹಿಸುತ್ತದೆ, ಎಳೆದರೆ ಬಿರಿಯುತ್ತದೆ. ಉದ್ದನೆಯ ಚಪ್ಪಡಿಯನ್ನು ಎರಡು ಕಂಬದ ಮೇಲೆ ಮಲಗಿಸಿ ನಡುವೆ ಭಾರ ಹೇರಿ. ಮೇಲ್ಮೈ ಒತ್ತಿಕೊಳ್ಳುತ್ತದೆ, ಅಡಿಮೈ ಎಳೆದುಕೊಳ್ಳುತ್ತದೆ. ಬಿರುಕು ಹುಟ್ಟುವುದು ಅಡಿಯಲ್ಲಿ. ಹತ್ತು–ಹನ್ನೆರಡು ಅಡಿಗಿಂತ ಉದ್ದದ ಚಪ್ಪಡಿ ಹಾಕಲು ಹಿಂದಿನವರು ಹೆದರುತ್ತಿದ್ದದ್ದು ಇದಕ್ಕೇ.

ಕಮಾನು ಈ ಎಳೆತವನ್ನೇ ಇಲ್ಲವಾಗಿಸುತ್ತದೆ. ಒಂದು ಸರಪಳಿಯ ಎರಡು ತುದಿ ಹಿಡಿದು ಜೋತು ಬಿಡಿ. ಅದರ ಪ್ರತಿ ಕೊಂಡಿಯಲ್ಲೂ ಇರುವುದು ಎಳೆತ ಮಾತ್ರ. ಈಗ ಅದೇ ಆಕಾರವನ್ನು ಮನಸ್ಸಿನಲ್ಲೇ ತಲೆಕೆಳಗು ಮಾಡಿ, ಕೊಂಡಿಗಳ ಜಾಗದಲ್ಲಿ ಕಲ್ಲು ಇಡಿ. ಎಳೆತ ಇದ್ದಲ್ಲೆಲ್ಲ ಒತ್ತಡ ಬಂತು. ಇದನ್ನು 1675ರಲ್ಲಿ ಸೂತ್ರವಾಗಿ ಹೇಳಿದವರು ಇಂಗ್ಲೆಂಡಿನ ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮದಲ್ಲಿ ನಾವೆಲ್ಲ ಓದಿದ ಹುಕ್ ಅವರೇ. ಅದಕ್ಕೂ ಸಾವಿರಾರು ವರ್ಷ ಮೊದಲೇ ಕಲ್ಲುಕೆಲಸದವರು ಸೂತ್ರ ಗೊತ್ತಿಲ್ಲದೇ ಕಟ್ಟುತ್ತಿದ್ದರು ಅನ್ನಿ.

ಹಾಗಾಗಿ ಕಮಾನಿನ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿಲ್ಲ, ಒಂದನ್ನೊಂದು ಒತ್ತಿಕೊಂಡು ನಿಂತಿವೆ. ಗಾರೆ ಮಾಡುವುದು ಕಲ್ಲುಗಳ ನಡುವಿನ ಏರುಪೇರು ತುಂಬಿ ಒತ್ತಡ ಸಮವಾಗಿ ಹರಿಯುವಂತೆ ನೋಡಿಕೊಳ್ಳುವ ಕೆಲಸ. ಮೇಲೆ ಭಾರ ಬಿದ್ದಷ್ಟೂ ಕಲ್ಲುಗಳ ಹಿಡಿತ ಬಿಗಿಯಾಗುತ್ತದೆ, ಒಂದು ಮಿತಿಯವರೆಗೆ. ಆ ಒತ್ತಡದ ದಾರಿ ಕಮಾನಿನ ದಪ್ಪದೊಳಗೇ ಇರಬೇಕು. ಹೊರಗೆ ಬಿತ್ತೋ, ಆ ಜಾಗದಲ್ಲಿ ಕಲ್ಲು ಬಾಗಿಲಿನ ಕೀಲಿನಂತೆ ಬಾಯಿ ತೆರೆಯುತ್ತದೆ. ಅಂಥ ಕೀಲು ನಾಲ್ಕು ಕಡೆ ಆದರೆ ಕಮಾನು ಮುಗಿಯಿತು.

ಇದಕ್ಕೆ ಒಂದು ಬೆಲೆ ತೆರಬೇಕು. ಕಮಾನು ಕೆಳಕ್ಕೆ ಮಾತ್ರ ತೂಗುವುದಿಲ್ಲ, ಅಕ್ಕಪಕ್ಕಕ್ಕೂ ಒದೆಯುತ್ತದೆ. ಅರೆವೃತ್ತದ ಕಮಾನು ಕಡಿಮೆ ಒದೆಯುತ್ತದೆ, ಚಪ್ಪಟೆ ಕಮಾನು ಹೆಚ್ಚು. ಈ ಒದೆತ ತಡೆಯುವುದಕ್ಕೇ ಎರಡೂ ದಡದಲ್ಲಿ ಅಷ್ಟು ದಪ್ಪ ಗೋಡೆ. ಸಾಲು ಕಮಾನಿದ್ದರೆ ನಡುವಿನ ಕಂಬದ ಮೇಲೆ ಎಡಗಡೆಯ ಒದೆತವೂ ಬಲಗಡೆಯ ಒದೆತವೂ ಸರಿಸಮ ಆಗಿ ಕಂಬ ತೆಳ್ಳಗಿದ್ದರೂ ನಡೆಯುತ್ತದೆ. ಒಂದು ಕಮಾನು ಬಿದ್ದರೆ ಪಕ್ಕದ್ದೂ ಬೀಳುವ ಭಯ ಇರುವುದೂ ಇದಕ್ಕೇ. ತುಂಬ ಉದ್ದದ ಸೇತುವೆಗಳಲ್ಲಿ ನಾಲ್ಕೈದು ಕಮಾನಿಗೊಂದು ದಪ್ಪ ಕಂಬ ಇಡುತ್ತಾರಲ್ಲ, ಅದು ಅಂದಕ್ಕಲ್ಲ. ಬಿದ್ದರೆ ಅಲ್ಲಿಗೇ ನಿಲ್ಲಲಿ ಅಂತ.

ನೆತ್ತಿಯ ಕಲ್ಲೇ ಎಲ್ಲ ಭಾರ ಹೊರುತ್ತದಂತೆ?

ಇಲ್ಲ. ಎಲ್ಲ ಕಲ್ಲೂ ಹೊರುತ್ತವೆ. ನೆತ್ತಿಯ ಆ ಬೀಗಗಲ್ಲು ಕೊನೆಗೆ ಕೂರುವ ಕಲ್ಲು, ಅಷ್ಟೇ ಅದರ ಹೆಚ್ಚುಗಾರಿಕೆ. ಅದು ಕೂರುವವರೆಗೆ ಇಡೀ ಕಮಾನು ಮರದ ಚೌಕಟ್ಟಿನ ಮೇಲೆ ಮಲಗಿರುತ್ತದೆ. ಕೂತ ಮೇಲೆ ಚೌಕಟ್ಟನ್ನು ನಿಧಾನಕ್ಕೆ ಇಳಿಸುತ್ತಾರೆ, ಕಲ್ಲುಗಳು ಒಂದೆರಡು ನೂಲು ಕುಸಿದು ಬಿಗಿಯಾಗುತ್ತವೆ. ಆ ಚೌಕಟ್ಟಿನ ಹೆಸರು ಸೆಂಟ್ರಿಂಗ್. ಇವತ್ತು ಮನೆ ಆರ್‌ಸಿಸಿಗೆ ಹಲಗೆ ಹೊಡೆಯುವವರನ್ನು ನಾವು ‘ಸೆಂಟ್ರಿಂಗ್‌ನವರು’ ಅನ್ನುತ್ತೇವೆ. ಅವರ ಕೈಯಲ್ಲಿ ಕಮಾನು ಯಾವತ್ತೋ ಹೋಯಿತು, ಅದರ ಮಾತು ಉಳಿಯಿತು.

ಹಾಗಾದರೆ ನಮ್ಮ ಹಳೆಯ ದೇವಸ್ಥಾನಗಳಲ್ಲಿ ಕಮಾನು ಯಾಕಿಲ್ಲ?

ಈ ಪ್ರಶ್ನೆ ಕೇಳಿದ್ದು ಒಬ್ಬ ಎರಡನೇ ಸೆಮಿಸ್ಟರ್ ಹುಡುಗಿ, ಹರಿಹರದವಳು. ಆಕೆಗೆ ಅವತ್ತು ಕೊಟ್ಟದ್ದಕ್ಕಿಂತ ಒಳ್ಳೆಯ ಉತ್ತರ ಈಗ ಇದೆ.

ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಎರಡನೇ ನರಸಿಂಹನ ಕಾಲದ್ದು, ಪೋಲಾಳ್ವ ದಂಡನಾಯಕ 1224ರ ಹೊತ್ತಿಗೆ ಕಟ್ಟಿಸಿದ್ದು. ಅಲ್ಲಿ ನೋಡಿ: ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ದುಂಡನೆಯ ಚಾವಣಿ ಬೇಕಾದಲ್ಲಿ ಒಂದೊಂದು ವರಸೆಯನ್ನೂ ಸ್ವಲ್ಪ ಸ್ವಲ್ಪ ಒಳಕ್ಕೆ ಚಾಚಿ ಮುಚ್ಚಿದ್ದಾರೆ. ಕಣ್ಣಿಗೆ ಕಮಾನಿನಂತೆ ಕಾಣುತ್ತದೆ, ಆದರೆ ಪಕ್ಕಕ್ಕೆ ಒದೆಯುವುದಿಲ್ಲ. ನಮ್ಮ ಸ್ಥಪತಿಗಳಿಗೆ ಕಮಾನು ಬರುತ್ತಿರಲಿಲ್ಲ ಎನ್ನುವವರ ಜೊತೆ ನನಗೆ ಜಗಳವಿದೆ. ಒಳ್ಳೆಯ ಕಲ್ಲು ಬೇಕಾದಷ್ಟಿತ್ತು, ಕಂಬ ಎಷ್ಟಾದರೂ ಇಡಬಹುದಿತ್ತು, ಕಂಬವೇ ಶಿಲ್ಪಕ್ಕೆ ಜಾಗ. ಅವರಿಗೆ ಕಮಾನಿನ ಹಂಗು ಬೇಕಿರಲಿಲ್ಲ.

ಸೇತುವೆ ಕಟ್ಟುವಾಗಲೂ ಅದೇ ಬುದ್ಧಿ. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ಪೂರ್ತಿ ಕಲ್ಲಿನದ್ದು, ಒಂದೇ ಒಂದು ಕಮಾನಿಲ್ಲ. ಹೊಳೆಯಲ್ಲಿ ಕಲ್ಲುಕಂಬದ ಸಾಲು, ಮೇಲೆ ಬೋದಿಗೆ, ಅದರ ಮೇಲೆ ಕಲ್ಲುತೊಲೆ. ದೇವಸ್ಥಾನದ ಮಂಟಪವನ್ನೇ ಹೊಳೆಗೆ ಅಡ್ಡ ಎಳೆದ ಹಾಗೆ. ತೊಂದರೆ ಏನೆಂದರೆ ಹೊಳೆಯ ತುಂಬ ಕಂಬ, ಮೇಲೆ ಓಡಾಡುವುದು ಬಂಡಿ. ರೈಲು ಬಂದಾಗ ಈ ಲೆಕ್ಕ ಸಾಲಲಿಲ್ಲ.

ಕಮಾನು ಈ ನೆಲಕ್ಕೆ ಬಂದದ್ದು ಮಾತ್ರ ರೈಲಿಗಿಂತ ಮುನ್ನೂರು ವರ್ಷ ಮೊದಲೇ. ನೋಡಬೇಕೆಂದರೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ. ಕೆಂಗ ಹನುಮಂತಪ್ಪ ನಾಯಕ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯ ನಟ್ಟನಡುವೆ ನೀರಿನಲ್ಲಿ ನಿಂತ ಮಂಟಪ ಇದೆಯಲ್ಲ, ಅದರ ಕಮಾನುಗಳನ್ನು ಬಗ್ಗಿ ನೋಡಿ. ಪಕ್ಕದಲ್ಲೇ ಮುಸಾಫಿರ್ ಖಾನೆ. ಬಿಜಾಪುರದ ಕಡೆಯ ಕೈಚಳಕ, ನಮ್ಮ ಪಾಳೆಯಗಾರರ ದುಡ್ಡು. ನಮ್ಮ ಹುಡುಗರನ್ನು ರೈಲು ಮೋರಿಗೆ ಕರೆದೊಯ್ಯುವ ಮೊದಲು ಅಲ್ಲಿಗೆ ಕರೆದೊಯ್ಯುತ್ತೇನೆ.

ಹರಿಹರದ ತುಂಗಭದ್ರೆಯ ಹಳೆಯ ಕಮಾನು ಸೇತುವೆ ರೈಲಿನದ್ದೇ?

ಅಲ್ಲ, ಅದು ರಸ್ತೆಯದ್ದು. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ 1868ರಲ್ಲಿ ಮುಗಿದದ್ದು, ರೈಲು ಬರುವುದಕ್ಕೂ ಇಪ್ಪತ್ತು ವರ್ಷ ಮೊದಲು. ಕಲ್ಲು ಮತ್ತು ಇಟ್ಟಿಗೆ ಎರಡೂ ಸೇರಿದ ಕೆಲಸ. 60 ಅಡಿ ಅಗಲದ 14 ಕಮಾನು, ಖರ್ಚು ಸುಮಾರು ಮೂರೂವರೆ ಲಕ್ಷ ರೂಪಾಯಿ. ಕಮಾನುಗಳ ಆಕಾರ ಅರೆವೃತ್ತ ಅಲ್ಲ, ಮೊಟ್ಟೆಯಾಕಾರದ ಅರ್ಧ. ಅರೆವೃತ್ತ ಮಾಡಿದ್ದರೆ 60 ಅಡಿ ಅಗಲಕ್ಕೆ 30 ಅಡಿ ಎತ್ತರ ಬೇಕು, ರಸ್ತೆಯನ್ನು ಅಷ್ಟು ಮೇಲೆ ಹತ್ತಿಸಬೇಕು. ಚಪ್ಪಟೆ ಮಾಡಿದರೆ ರಸ್ತೆ ಕೆಳಗಿರುತ್ತದೆ, ಪ್ರವಾಹದ ನೀರಿಗೂ ಹೆಚ್ಚು ಜಾಗ. ಒದೆತ ಜಾಸ್ತಿಯಾದದ್ದನ್ನು ದಡಗಳು ತಡೆದುಕೊಳ್ಳಬೇಕು.

ಕಲ್ಲು ಎಲ್ಲಿಂದ ತಂದರು? ಒಡೆದವರು ಯಾರು?

ಕಲ್ಲನ್ನು ದೂರದಿಂದ ತರುವುದು ಹುಚ್ಚು. ಒಂದು ಘನ ಅಡಿ ಕಣಶಿಲೆ, ಅಂದರೆ ಗ್ರಾನೈಟ್, 75 ಕಿಲೊ ಹತ್ತಿರ ತೂಗುತ್ತದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ದಪ್ಪದ ಒಂದು ಕಮಾನುಗಲ್ಲು ಅಂದರೆ ಎರಡೂಕಾಲು ಕ್ವಿಂಟಾಲ್. ಅದಕ್ಕೇ ಸೇತುವೆಯ ಜಾಗಕ್ಕೆ ಹತ್ತಿರದ ಗುಡ್ಡವೇ ಗಣಿ. ನಮ್ಮ ಕಡೆಯ ನೆಲದಡಿಯ ಬಂಡೆ ಮುನ್ನೂರು ಕೋಟಿ ವರ್ಷದಷ್ಟು ಹಳೆಯ ನೈಸ್ (gneiss) ಶಿಲೆ. ಚಿತ್ರದುರ್ಗದ ಕೋಟೆ ಹತ್ತಿ ಕೂತಿರುವ ಕಣಶಿಲೆ ಅದಕ್ಕಿಂತ ‘ಎಳೆಯದು’, 260 ಕೋಟಿ ವರ್ಷ. ಇವುಗಳ ಪಕ್ಕದಲ್ಲೇ ಉದ್ದಕ್ಕೂ ಸೀಳುವ ಪದರಶಿಲೆಯ ಪಟ್ಟಿ ಹಾದುಹೋಗಿದೆ. ಸೇತುವೆಗೆ ಆರಿಸುತ್ತಿದ್ದದ್ದು ಮೊದಲ ಎರಡನ್ನು. ಪದರ ಬಿಡುವ ಕಲ್ಲನ್ನು ಕಮಾನಿಗೆ ಹಾಕಿದರೆ ಭಾರ ಬಿದ್ದಾಗ ಎಲೆಯೆಲೆಯಾಗಿ ಏಳುತ್ತದೆ.

ಒಡೆಯುವ ವಿದ್ಯೆ ಭೋವಿಗಳದ್ದು. ಬಂಡೆಯ ಮೇಲೆ ಸೌದೆ ಹಾಸಿ ಬೆಂಕಿ ಹಾಕಿ, ಕಾವು ಸರಿಸುತ್ತಾ ಹೋದರೆ ಮೇಲಿನ ಪದರ ಚಪ್ಪಡಿಯಾಗಿ ಏಳುತ್ತದೆ. ಆಮೇಲೆ ಒಂದೇ ಸಾಲಿನಲ್ಲಿ ಉಳಿಯಿಂದ ಕುಳಿ ಹೊಡೆದು, ಬೆಣೆ ಕೂರಿಸಿ, ಸಮ್ಮಟಿಗೆಯಿಂದ ಸರದಿಯಂತೆ ಬಡಿದರೆ ಕಲ್ಲು ಗೆರೆ ಎಳೆದ ಹಾಗೆ ಸೀಳುತ್ತದೆ. ಹಳೆಯ ಮೋರಿಯ ಕಲ್ಲಿನ ಅಂಚಿನಲ್ಲಿ ಸಾಲಾಗಿ ಅರ್ಧರ್ಧ ಕುಳಿ ಕಂಡರೆ ಅದು ಈ ಬೆಣೆಯ ಗುರುತು. ಹುಡುಗರಿಗೆ ಅದನ್ನು ತೋರಿಸಿ ಬೆರಳಿಂದ ಮುಟ್ಟಿಸುತ್ತೇನೆ. ನೂರಮೂವತ್ತು ವರ್ಷದ ಹಿಂದೆ ಅದನ್ನು ಹೊಡೆದವನ ಕೈಗುರುತು ಅದು. ಕಂಪನಿಯ ಕಾಗದಗಳಲ್ಲಿ ಎಂಜಿನಿಯರ್ ಹೆಸರು ಸಿಗುತ್ತದೆ, ಇವನದ್ದು ಸಿಗುವುದಿಲ್ಲ.

ಇನ್ನೊಂದು ಗಮನಿಸಿ. ಕಲ್ಲಿನ ಹೊರಮುಖ ಒರಟಾಗಿ ಉಬ್ಬಿರುತ್ತದೆ, ಅಂಚು ಮಾತ್ರ ನಾಲ್ಕೂ ಕಡೆ ಬೆರಳಗಲ ನಯವಾಗಿರುತ್ತದೆ. ಸೋಮಾರಿತನ ಅಂದುಕೊಳ್ಳಬೇಡಿ. ಕಲ್ಲು ಕಲ್ಲಿಗೆ ಕೂರುವ ಮುಖಗಳಿಗೆ ಎಲ್ಲ ಶ್ರಮ ಸುರಿದು, ನೋಡುವ ಮುಖಕ್ಕೆ ಬೇಕಾದಷ್ಟೇ ಕೊಟ್ಟಿದ್ದಾರೆ. ದೇವಸ್ಥಾನದ ಲೆಕ್ಕಕ್ಕೆ ಇದು ತಿರುಗುಮುರುಗು.

ಕೋಳಿಮೊಟ್ಟೆ, ಬೆಲ್ಲ ಹಾಕಿ ಗಾರೆ ಕಲಸುತ್ತಿದ್ದರಂತೆ?

ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕುವುದು ನಮ್ಮ ಗಾರೆ ಕೆಲಸದಲ್ಲಿ ಇದ್ದದ್ದೇ. ಬೆಲ್ಲ ಗಾರೆಯನ್ನು ನಯ ಮಾಡುತ್ತದೆ, ಬೇಗ ಒಣಗದಂತೆ ತಡೆಯುತ್ತದೆ. ಮೊಟ್ಟೆಯ ಬಿಳಿ ಅರಮನೆಯ ಗೋಡೆಗೆ ಹೊಳಪು ಗಿಲಾಯ ಮಾಡುವಾಗಿನ ಮಾತು. ಮೈಲಿಗೆ ನಾಲ್ಕು ಮೋರಿ ಕಟ್ಟುವ ಕಂಪನಿ ಮೊಟ್ಟೆ ಒಡೆಯುತ್ತ ಕೂರುತ್ತದೆಯೇ? ಲೆಕ್ಕ ಹಾಕಿ ನೋಡಿ, ದಾವಣಗೆರೆ ಸಂತೆಯ ಕೋಳಿಗಳೆಲ್ಲ ಸುಸ್ತಾಗಬೇಕು.

ನಿಜವಾದ ಗುಟ್ಟು ಸುಣ್ಣ ಮತ್ತು ಸುರ್ಕಿ. ಎರೆ ಹೊಲ ಅಗೆದಾಗ ಸಿಗುವ ಸುಣ್ಣದ ಹರಳು ಇದೆಯಲ್ಲ, ಅದರಲ್ಲಿ ಜೇಡಿಯ ಅಂಶ ಬೆರೆತಿರುತ್ತದೆ. ಸುಟ್ಟು ಅರೆದರೆ ನೀರಿನಡಿಯಲ್ಲೂ ಗಟ್ಟಿಯಾಗುವ ಸುಣ್ಣ. ಶುದ್ಧ ಸುಣ್ಣ ಇದ್ದಲ್ಲಿ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಸೇರಿಸಿ ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಅದಕ್ಕೂ ಅದೇ ಗುಣ ಬರುತ್ತದೆ. ಪೋರಬಂದರಿನಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾದದ್ದೇ 1914ರಲ್ಲಿ. ಹರಿಹರದ ದಾರಿ ಮುಗಿದ ಕಾಲಕ್ಕೆ ಸಿಮೆಂಟು ಎಂಬುದು ಹಡಗಿನಲ್ಲಿ ಬರಬೇಕಾದ ದುಬಾರಿ ಸಾಮಾನು.

ಸುಣ್ಣ–ಸುರ್ಕಿಯ ತಾಕತ್ತು ನೋಡಬೇಕೆಂದರೆ ಹಿರಿಯೂರಿನ ಹತ್ತಿರ ಮಾರಿಕಣಿವೆಗೆ ಹೋಗಿ. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ ಇದೇ ಗಾರೆಯದ್ದು. 1933ರ ನಂತರ 2022ರ ಸೆಪ್ಟೆಂಬರಿನಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ಜನ ಬಾಗಿನ ಕೊಡಲು ಹೋದರು. ನಾನು ಒಡ್ಡಿನ ಸಂದಿ ನೋಡಲು ಹೋದೆ. ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಕಟ್ಟುವಾಗ ನರಬಲಿ ಕೊಟ್ಟಿದ್ದರಂತೆ, ಹೌದೇ?

ಸೂಳೆಕೆರೆಗೆ ಶಾಂತವ್ವನ ಕಥೆ ಇದೆ. ಅಂಥ ಕಥೆ ನಮ್ಮಲ್ಲಿ ಕೆರೆಗೊಂದು. ಅದೇ ಕಥೆ ರೈಲು ಸೇತುವೆಗೂ ದಾಟಿಕೊಂಡಿತು, ಅಷ್ಟೇ. ಪಾಯ ತೆಗೆಯುವಾಗ ಮಣ್ಣು ಕುಸಿದು, ಕಾಲರಾ ಬಂದು ಕೂಲಿಕಾರರು ಸಾಯುತ್ತಿದ್ದದ್ದು ಆ ಕಾಲದ ರೈಲು ಕೆಲಸದಲ್ಲಿ ಸುಳ್ಳಲ್ಲ. ಜನರ ನೆನಪಿನಲ್ಲಿ ಅದು ಬಲಿಯಾಗಿ ಉಳಿದಿದ್ದರೆ ಅವರನ್ನು ತಪ್ಪು ಅನ್ನಲಾರೆ.

ಎರೆ ಮಣ್ಣಿನಲ್ಲಿ ಮನೆಯೇ ಬಿರುಕು ಬಿಡುತ್ತದೆ. ಸೇತುವೆ ಹೇಗೆ ನಿಂತಿತು?

ಒಳ್ಳೆಯ ಪ್ರಶ್ನೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಸಿಕ್ಕುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಪಾಯ ಹಾಕಿದರೆ ಕಮಾನಿನ ಎರಡು ಕಾಲು ಎರಡು ದಿಕ್ಕಿಗೆ. ಕಮಾನು ಎಂಥ ಭಾರವನ್ನಾದರೂ ಕ್ಷಮಿಸೀತು, ಪಾಯ ಸರಿಯುವುದನ್ನು ಕ್ಷಮಿಸುವುದಿಲ್ಲ. ಹಾಗಾಗಿ ಎರೆಯನ್ನು ಪೂರ್ತಿ ತೆಗೆದು ಗಟ್ಟಿ ಗರಸು ಅಥವಾ ಬಂಡೆ ಸಿಗುವವರೆಗೂ ಇಳಿಯುತ್ತಿದ್ದರು. ಮೋರಿಯ ಕೆಳಗಿನ ನೆಲಕ್ಕೂ ಕಲ್ಲು ಹಾಸಿ, ನೀರು ಹೊರಬೀಳುವ ತುದಿಯಲ್ಲಿ ಆಳಕ್ಕೆ ಒಂದು ಅಡ್ಡಗೋಡೆ ಇಳಿಸುತ್ತಿದ್ದರು. ಹಳ್ಳದ ನೀರು ತಳ ಕೊರೆಯದಿರಲಿ ಅಂತ. ಆ ಹಾಸು ಕಿತ್ತುಹೋದ ಮೋರಿ ಕಂಡರೆ ನನಗೆ ಬಿರುಕು ಕಂಡದ್ದಕ್ಕಿಂತ ಹೆಚ್ಚು ಕಳವಳ.

ಮೀಟರ್ ಗೇಜಿಗೆ ಕಟ್ಟಿದ್ದು ಈಗಿನ ರೈಲಿನ ಭಾರ ತಡೆಯುತ್ತದೆಯೇ?

ಮೀಟರ್ ಗೇಜಿನಲ್ಲಿ ಒಂದು ಅಚ್ಚಿನ ಮೇಲೆ ಬೀಳುತ್ತಿದ್ದ ಭಾರ 12 ಟನ್ ಆಸುಪಾಸು. ಇವತ್ತಿನ ಬ್ರಾಡ್ ಗೇಜ್ ಗೂಡ್ಸಿನಲ್ಲಿ 22.9 ಟನ್. ಹತ್ತಿರ ಹತ್ತಿರ ಇಮ್ಮಡಿ. ಆದರೂ ದೇಶದಲ್ಲಿ ಎಷ್ಟೋ ಹಳೆಯ ಕಮಾನುಗಳು ಕೆಲಸ ಮಾಡುತ್ತಿವೆ. ಕಾರಣ ಎರಡು. ಮೊದಲನೆಯದು, ಕಲ್ಲಿನ ಶಕ್ತಿಯಲ್ಲಿ ಕಮಾನು ಬಳಸುವುದು ತೀರ ಸಣ್ಣ ಪಾಲು. ಕಮಾನು ಬೀಳುವುದು ಆಕಾರ ಕೆಟ್ಟಾಗ, ಕಲ್ಲು ಪುಡಿಯಾಗಿ ಅಲ್ಲ. ಎರಡನೆಯದು, ಹಳಿ ನೇರವಾಗಿ ಕಮಾನಿನ ಮೇಲೆ ಕೂತಿಲ್ಲ. ನಡುವೆ ಜಲ್ಲಿ ಮತ್ತು ಮಣ್ಣಿನ ದಪ್ಪ ಹಾಸು ಇದೆ. ಚಕ್ರದ ಪೆಟ್ಟು ಆ ಹಾಸಿನಲ್ಲಿ ಹರಡಿ ಮೆತ್ತಗಾಗಿ ಕೆಳಗಿಳಿಯುತ್ತದೆ. ಮೇಲಾಗಿ ಆ ಮಣ್ಣಿನ ಸತ್ತ ಭಾರವೇ ಕಮಾನನ್ನು ಸದಾ ಬಿಗಿಯಾಗಿ ಇಟ್ಟಿರುತ್ತದೆ.

ಸಮಸ್ಯೆ ಬಂದದ್ದು ಬೇರೆ ಕಡೆ, ಅಗಲದಲ್ಲಿ. 1990ರ ದಶಕದಲ್ಲಿ ನಮ್ಮ ದಾರಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಒಂದು ಮೀಟರಿನ ಹಳಿಗೆ ಸಾಕಾಗಿದ್ದ ಸೇತುವೆ ಅಗಲದ ಹಳಿಗೆ ಇರುಕು. ಇಂಥಲ್ಲಿ ಪಕ್ಕಕ್ಕೆ ಕಾಂಕ್ರೀಟ್ ಜೋಡಿಸಿ ಅಗಲ ಮಾಡಬಹುದು, ಇಲ್ಲವೇ ಕಿತ್ತು ಕಾಂಕ್ರೀಟ್ ಪೆಟ್ಟಿಗೆ ಮೋರಿ ಇಡಬಹುದು. ಎರಡೂ ಬಗೆ ನಡೆಯುತ್ತದೆ. ಮುಂದೆ ಕಾಂಕ್ರೀಟ್, ಬಗ್ಗಿ ಒಳಗೆ ಹೋದರೆ ಕಲ್ಲಿನ ಕಮಾನು ಸಿಗುವ ಮೋರಿ ಕಂಡರೆ ಅದು ಈ ಗೇಜು ಬದಲಾವಣೆಯ ಹೊಲಿಗೆ.

‘ಬ್ರಿಟಿಷರು ಕಟ್ಟಿದ್ದು ಗಟ್ಟಿ, ಈಗಿನವರದ್ದು ಕಳಪೆ’ ಅನ್ನುವುದು ಸರಿಯೇ?

ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಆಗ ಕಟ್ಟಿದ್ದರಲ್ಲಿ ಬಿದ್ದದ್ದು, ಕೊಚ್ಚಿಹೋದದ್ದು, ಒಡೆದು ಕಟ್ಟಿದ್ದು ನಮ್ಮ ಕಣ್ಣ ಮುಂದೆ ಇಲ್ಲ. ಉಳಿದದ್ದನ್ನು ಮಾತ್ರ ನೋಡಿ ಎಲ್ಲವೂ ಗಟ್ಟಿ ಅನ್ನುತ್ತೇವೆ. ಒಂದು ಮಾತು ಮಾತ್ರ ಒಪ್ಪುತ್ತೇನೆ. ಕಲ್ಲಿನ ಕಮಾನಿನೊಳಗೆ ತುಕ್ಕು ಹಿಡಿಯುವ ಕಬ್ಬಿಣ ಇಲ್ಲ. ಕಾಂಕ್ರೀಟಿನೊಳಗಿನ ಸರಳಿಗೆ ನೀರು ತಾಕಿದರೆ ಅದು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ. ಕಲ್ಲಿಗೆ ಆ ರೋಗವಿಲ್ಲ. ದೇಶದ ಸುಮಾರು ಒಂದೂವರೆ ಲಕ್ಷ ರೈಲು ಸೇತುವೆಗಳಲ್ಲಿ 37 ಸಾವಿರದಷ್ಟು ನೂರು ವರ್ಷ ದಾಟಿದವು ಎಂದು ರೈಲ್ವೆಯೇ ಸಂಸತ್ತಿಗೆ ಹೇಳಿತ್ತು. ಅವು ನಿಂತಿರುವುದು ಕಟ್ಟಿದವರ ಪುಣ್ಯದಿಂದಷ್ಟೇ ಅಲ್ಲ. ವರ್ಷಾವರ್ಷ ಹುಲ್ಲು ಕಿತ್ತು, ಸಂದಿ ತುಂಬಿ, ಪ್ರತಿ ಮಳೆಗಾಲದ ನಂತರ ಬಗ್ಗಿ ನೋಡುವ ಗ್ಯಾಂಗ್‌ಮನ್, ಮೇಸ್ತ್ರಿ, ಎಂಜಿನಿಯರುಗಳಿಂದ.

ಸೇತುವೆಯ ಕಟ್ಟೆ ಮೇಲಿನ ಅಂಕಿ, ಕಂಬದ ಕೆಂಪು ಪಟ್ಟಿ ಏನು?

ಇದನ್ನು ನಾನು ಅವಮಾನಪಟ್ಟೇ ಕಲಿತದ್ದು. ಬಣ್ಣ ಅರ್ಧ ಉದುರಿದ ನಾಲ್ಕಂಕಿ, ಹದಿನೆಂಟರಿಂದ ಶುರುವಾಗುತ್ತಿತ್ತು. ಇಪ್ಪತ್ತು ಹುಡುಗರ ಮುಂದೆ ‘ನೋಡ್ರೋ, ಕಟ್ಟಿದ ಇಸವಿ’ ಅಂದೆ. ಹಳಿ ಮೇಲೆ ಸುತ್ತಿಗೆ ಹಿಡಿದು ಬರುತ್ತಿದ್ದ ಕೀಮ್ಯಾನ್ ನಿಂತು, ‘ಸಾರ್, ಅದು ಇಸ್ವಿ ಅಲ್ರೀ, ಬ್ರಿಜ್ ನಂಬ್ರ’ ಅಂದರು. ಹುಡುಗರು ಊರು ತಲುಪುವವರೆಗೂ ನಕ್ಕರು.

ದಾರಿಯುದ್ದಕ್ಕೂ ಪ್ರತಿ ಸೇತುವೆಗೆ, ಮೋರಿಗೂ, ಸರಣಿಯಲ್ಲಿ ಒಂದು ನಂಬರ್ ಇರುತ್ತದೆ. ಎರಡರ ನಡುವೆ ಹೊಸದು ಬಂದರೆ ಅದೇ ನಂಬರಿಗೆ ಎ, ಬಿ ಅಂತ ಬಾಲ. ಕಟ್ಟಿದ ವರ್ಷ ಬೇರೆ ಕಲ್ಲಿನಲ್ಲಿ ಕೆತ್ತಿರುವುದುಂಟು, ಇಲ್ಲದಿರುವುದೇ ಹೆಚ್ಚು. ಕೆಂಪು ಪಟ್ಟಿ ಅಪಾಯದ ಮಟ್ಟ. ಅದರ ಆಚೀಚೆ ಕಾಣುವ ಇನ್ನೊಂದು ಗುರುತು ಅಲ್ಲಿಯವರೆಗೆ ಬಂದ ಅತಿ ಹೆಚ್ಚಿನ ಪ್ರವಾಹದ್ದು. ಹಳ್ಳದ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಶಾಸನ ಸಿಗಲಿಕ್ಕಿಲ್ಲ.

ಕಲ್ಲಿನ ಸೇತುವೆ ಕೆಡುವುದು ಹೇಗೆ? ಬಿರುಕು ಕಂಡರೆ ಹೆದರಬೇಕೇ?

ಬಿರುಕು ಯಾವ ದಿಕ್ಕಿಗಿದೆ ನೋಡಿ. ರೈಲು ಹೋಗುವ ದಿಕ್ಕಿಗೆ, ಕಮಾನಿನ ಹೊರ ಅಂಚಿಗೆ ಹತ್ತಿರವಾಗಿ ಉದ್ದಕ್ಕೆ ಇದ್ದರೆ, ಒಳಗಿನ ಮಣ್ಣು ಪಕ್ಕದ ಗೋಡೆಯನ್ನು ಹೊರಕ್ಕೆ ತಳ್ಳುತ್ತಿದೆ ಎಂದರ್ಥ. ಒಳಗೆ ನೀರು ನಿಂತರೆ ಹೀಗಾಗುತ್ತದೆ. ಕಮಾನಿನ ಅಡಿಯಲ್ಲಿ ಹಳಿಗೆ ಅಡ್ಡಲಾಗಿ ಬಿರುಕು ಬಿದ್ದಿದ್ದರೆ ಅದು ಹೆಚ್ಚು ಗಂಭೀರ, ಒತ್ತಡದ ದಾರಿ ತಪ್ಪಿದೆ ಅಥವಾ ಪಾಯ ಜರುಗಿದೆ. ಅಂಥದ್ದು ಕಂಡರೆ ಹತ್ತಿರದ ಸ್ಟೇಷನ್ನಿಗೆ ತಿಳಿಸಿ, ಸೇತುವೆ ನಂಬರ್ ಹೇಳಿದರೆ ಸಾಕು.

ಆದರೆ ನಿಜವಾದ ಶತ್ರು ನೀರು ಮತ್ತು ಅಶ್ವತ್ಥದ ಸಸಿ. ಮೇಲಿನಿಂದ ಇಳಿದ ನೀರು ಹೊರಹೋಗಲು ಗೋಡೆಯಲ್ಲಿ ಸಣ್ಣ ಸಣ್ಣ ಕಂಡಿ ಬಿಟ್ಟಿರುತ್ತಾರೆ. ಅವು ಮುಚ್ಚಿಕೊಂಡರೆ ನೀರು ಸಂದಿಯ ಸುಣ್ಣವನ್ನೇ ಕರಗಿಸಿಕೊಂಡು ಇಳಿಯುತ್ತದೆ. ಕಮಾನಿನಡಿ ಬಿಳಿ ಗೆರೆ, ಮೇಣದಂತೆ ಜೋತ ಬಿಳಿ ಹನಿ ಕಂಡರೆ ಅದೇ. ಆ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ, ಆಲ ಏಳುತ್ತದೆ. ಮೊದಲ ವರ್ಷ ಕೈಯಲ್ಲಿ ಕೀಳಬಹುದು. ಐದನೇ ವರ್ಷ ಬೇರು ಕಲ್ಲು ಎತ್ತುತ್ತದೆ. ಅಶ್ವತ್ಥ ಕಡಿಯಬಾರದು ಎನ್ನುವ ನಂಬಿಕೆಯವರು ಸಸಿಯಾಗಿದ್ದಾಗಲೇ ಕಿತ್ತು ಕೆರೆ ಏರಿಯ ಕೆಳಗೆ ನೆಡಲಿ, ಪುಣ್ಯ ಎರಡು ಪಟ್ಟು.

ಇನ್ನೊಂದು ಕೇಡು ನಾವೇ ಮಾಡುವುದು. ನಮ್ಮೂರ ಹತ್ತಿರ ಒಂದು ಹಳೆಯ ಬಂಡಿದಾರಿ ಮೋರಿಯನ್ನು, ರೈಲಿನದ್ದಲ್ಲ, ಒಬ್ಬ ಗುತ್ತಿಗೆದಾರರು ಚೆಂದ ಮಾಡುತ್ತೇವೆ ಅಂತ ಸಂದಿಗೆಲ್ಲ ಸಿಮೆಂಟ್ ಮೆತ್ತಿದರು. ಸಿಮೆಂಟು ಸುಣ್ಣಕ್ಕಿಂತ ಗಡುಸು, ನೀರು ಬಿಡುವುದಿಲ್ಲ. ಒಳಗಿನ ತೇವಕ್ಕೆ ಸಂದಿಯಲ್ಲಿ ದಾರಿ ಸಿಗದೆ ಕಲ್ಲಿನ ಮುಖದಿಂದ ಹೊರಬರುತ್ತದೆ. ಮೂರನೇ ಮಳೆಗಾಲಕ್ಕೆ ಕಲ್ಲಿನ ಸಿಪ್ಪೆ ಏಳತೊಡಗಿತು. ಮೆತ್ತಿದ ಸಿಮೆಂಟ್ ಮಾತ್ರ ಹಲ್ಲಿನ ಸೆಟ್ಟಿನಂತೆ ಹಾಗೇ ಇದೆ.

ಜೋಡಿ ಹಳಿ ಬಂದ ಮೇಲೆ ಹಳೆಯವನ್ನು ಒಡೆಯುತ್ತಾರೆಯೇ?

ಎರಡನೇ ಹಳಿಗೆ ಪಕ್ಕದಲ್ಲೇ ಕಾಂಕ್ರೀಟ್ ಸೇತುವೆ ಕಟ್ಟುವುದು ಸಾಮಾನ್ಯ, ಹಳೆಯದು ಮೊದಲ ಹಳಿಗೆ ಉಳಿಯುತ್ತದೆ. ಹಾಗಾಗಿ ಎಷ್ಟೋ ಕಡೆ ರಸ್ತೆ ಬದಿಯಿಂದ ನೋಡಿದರೆ ಕಾಂಕ್ರೀಟ್ ಮಾತ್ರ ಕಾಣುತ್ತದೆ, ಕಲ್ಲು ಅದರ ಹಿಂದೆ ಅಡಗಿದೆ. ಇನ್ನೊಂದು ಬದಿಗೆ ಸುತ್ತಿ ಹೋಗಿ. ತುಮಕೂರು–ದಾವಣಗೆರೆ ಹೊಸ ದಾರಿಯಲ್ಲಿ ಮಾತ್ರ ಕಲ್ಲಿನ ಕಮಾನು ಹುಡುಕಬೇಡಿ.

ಇವುಗಳಿಗೆ ಪಾರಂಪರಿಕ ರಕ್ಷಣೆ ಇದೆಯೇ?

ಕಾಲ್ಕಾ–ಶಿಮ್ಲಾ ದಾರಿ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿ ಕನೋಹ್ ಹತ್ತಿರ 541ನೇ ನಂಬರಿನ ಸೇತುವೆ, 1898ರದ್ದು, ನಾಲ್ಕು ಅಂತಸ್ತಿನಲ್ಲಿ 34 ಕಮಾನು. ಅದನ್ನು ನೋಡಿದವರಿಗೆ ನಮ್ಮ ಮೋರಿ ಯಾವ ಲೆಕ್ಕ ಅನ್ನಿಸುವುದು ಸಹಜ. ನೂರು ವರ್ಷ ದಾಟಿದ ಕಟ್ಟಡವನ್ನು ಸ್ಮಾರಕ ಎಂದು ಸಾರಲು 1958ರ ಕೇಂದ್ರದ ಕಾಯ್ದೆಯಲ್ಲಿ ದಾರಿಯಿದೆ. ಆದರೆ ದಿನಕ್ಕೆ ಹತ್ತಾರು ರೈಲು ಓಡುವ ಸೇತುವೆಯನ್ನು ಸ್ಮಾರಕ ಮಾಡುವುದು ನನಗೆ ಅಷ್ಟೇನೂ ಹಿಡಿಸಿದ ದಾರಿಯಲ್ಲ. ಓಡುವ ರೈಲೇ ಅದನ್ನು ಕಾಯುತ್ತದೆ. ರೈಲು ನಿಂತ ಸೇತುವೆಯ ಕಲ್ಲು ಎರಡು ವರ್ಷದಲ್ಲಿ ಯಾರದ್ದೋ ಕಾಂಪೌಂಡಿನಲ್ಲಿರುತ್ತದೆ. ಬೇಕಿರುವುದು ಕೆಡವುವ ಮೊದಲು ಅಳತೆ, ಚಿತ್ರ ಬರೆದಿಟ್ಟುಕೊಳ್ಳುವ ಅಭ್ಯಾಸ. ಹುಬ್ಬಳ್ಳಿಯಲ್ಲಿ 2020ರಿಂದ ರೈಲು ಮ್ಯೂಸಿಯಂ ಇದೆ, ಮೈಸೂರಿನದ್ದು 1979ರಿಂದಲೂ ಇದೆ. ಎಂಜಿನ್ನಿಗೆ ಇರುವ ಮರ್ಯಾದೆ ಅಲ್ಲಿ ಮೋರಿಗೂ ಸಿಗಲಿ ಅಂತ ನನ್ನ ಆಸೆ.

ಕಲ್ಲಿನ ರೈಲು ಕಮಾನಿನಲ್ಲಿ ಜಗತ್ತಿಗೇ ದೊಡ್ಡದು ಯಾವುದು?

ಸ್ಲೊವೇನಿಯಾದ ಸೊಲ್ಕಾನ್, 1906. ಒಂದೇ ಕಮಾನು 85 ಮೀಟರ್.

ಹಳಿ ಮೇಲೆ ನಡೆದು ಸೇತುವೆ ನೋಡಬಹುದೇ?

ಬೇಡ. ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ಮುಖ್ಯ, ವಿದ್ಯುತ್ ಎಂಜಿನ್ ಬಂದ ಮೇಲೆ ರೈಲು ಹತ್ತಿರ ಬರುವವರೆಗೂ ಸದ್ದೇ ಗೊತ್ತಾಗುವುದಿಲ್ಲ. ಕಮಾನಿನ ಅಂದ ಇರುವುದೂ ಕೆಳಗಡೆಯೇ. ಬಂಡಿದಾರಿ ಹಾದುಹೋಗುವ ಮೋರಿ ಆರಿಸಿಕೊಳ್ಳಿ. ಒಳಗೆ ಹೋಗುವ ಮೊದಲು ನೆತ್ತಿ ನೋಡಿ, ಹೆಜ್ಜೇನು ಕಟ್ಟಿರುತ್ತದೆ. ಅಂಬರಗುಬ್ಬಿಯ ಮಣ್ಣಿನ ಗೂಡಿದ್ದರೆ ಟಾರ್ಚ್ ಹಾಕಬೇಡಿ.

ನಮ್ಮೂರ ಮೋರಿಯನ್ನು ನಾವೇ ಅಳೆದು ಬರೆದಿಡಬೇಕು. ಏನೇನು ಬರೆಯಬೇಕು?

ನಂಬರ್, ಹತ್ತಿರದ ಎರಡು ಸ್ಟೇಷನ್ನಿನ ಹೆಸರು, ಹಳ್ಳದ ಹೆಸರು. ಹಳ್ಳದ ಹೆಸರು ಊರ ಹಿರಿಯರಿಗೆ ಮಾತ್ರ ಗೊತ್ತಿರುತ್ತದೆ, ಮೊದಲು ಅದನ್ನೇ ಕೇಳಿ. ಕಮಾನಿನ ಅಗಲ ಟೇಪಿನಲ್ಲಿ ಅಳೆಯಿರಿ. ಎತ್ತರಕ್ಕೆ ಬಿದಿರಿನ ಗಳ ಸಾಕು. ಮುಂಭಾಗದ ಕಮಾನುಗಲ್ಲುಗಳನ್ನು ಎಣಿಸಿ. ನಡುವೆ ಒಂದೇ ಬೀಗಗಲ್ಲು ಇದ್ದರೆ ಒಟ್ಟು ಸಂಖ್ಯೆ ಬೆಸ ಬರುತ್ತದೆ, ಸಮ ಬಂದರೆ ಇನ್ನೊಮ್ಮೆ ಎಣಿಸಿ. ಬೆಣೆಯ ಕುಳಿ, ಕಲ್ಲಿನ ಮೇಲೆ ಕೆತ್ತಿದ ಯಾವುದೇ ಗುರುತು ಇದ್ದರೆ ಬರೆದುಕೊಳ್ಳಿ. ಫೋಟೊವನ್ನು ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆಯಿರಿ, ನಡುಮಧ್ಯಾಹ್ನ ಉಳಿಯ ಗುರುತು ಕಾಣುವುದಿಲ್ಲ. ಅಳತೆಯ ಅಂದಾಜಿಗೆ ಪಕ್ಕದಲ್ಲಿ ಏನಾದರೂ ಇರಲಿ. ಮನುಷ್ಯರನ್ನು ನಿಲ್ಲಿಸಿದರೆ ಅವರ ಮುಖವೇ ಫೋಟೊ ಆಗಿಬಿಡುತ್ತದೆ, ಮಡಚಿದ ಛತ್ರಿಯೊಂದನ್ನು ಗೋಡೆಗೆ ಒರಗಿಸಿ. ವಾಪಸ್ ಬರುವಾಗ ಅದನ್ನು ಮರೆಯಬೇಡಿ, ಮಾಯಕೊಂಡದ ಹತ್ತಿರ ನನ್ನದು ಎರಡು ಹೋಗಿವೆ.